ಸ್ಪರ್ಶಮೀಮಾಂಸೆ

ಬಲಗೈಯಿಂದ ಎಡಗೈಯನ್ನು ಮುಟ್ಟಿಕೊಂಡಾಗ ಮುಟ್ಟುವುದು ಯಾವುದು, ಮುಟ್ಟಿಸಿಕೊಳ್ಳುವುದು ಯಾವುದು ಎಂಬ ಪ್ರಶ್ನೆಯು ಹೊತ್ತುಹೋಗದ ಪಂಡಿತರ ವಿನೋದವೆಂದು ಮೊದಲಿಗೆ ತೋರಿದರೆ ಅಚ್ಚರಿಯಿಲ್ಲ. ಆದರೆ ಜರ್ಮನಿಯ ಎಡ್ಮಂಡ್ ಹುಸರ್ಲನು (1859–1938) ಇದನ್ನು ಗಂಭೀರವಾಗಿಯೇ ಪರಿಶೀಲಿಸಿ, ಕಣ್ಣು ತನ್ನ ನೋಟವನ್ನು ತಾನೇ ಕಾಣಲಾರದು, ಕೈಯಾದರೋ ಮುಟ್ಟುವಾಗಲೇ ಮುಟ್ಟಿಸಿಕೊಳ್ಳುವುದೂ ಆಗುತ್ತದೆ ಎಂದು ನಿರೂಪಿಸಿದನು. ಫ್ರಾನ್ಸಿನ ಮೆರ್ಲೊ-ಪಾಂಟಿಯು ಅದನ್ನು ಮುಂದುವರಿಸಿ, 1961ರಲ್ಲಿ ಆತ ತೀರಿಕೊಂಡ ಬಳಿಕ ಅಚ್ಚಾದ ಅಪೂರ್ಣ ಗ್ರಂಥದಲ್ಲಿ, ದೇಹವೂ ಲೋಕವೂ ಒಂದೇ ದ್ರವ್ಯದಿಂದಾದವು ಎನ್ನುವವರೆಗೆ ಹೋದನು. ಮತ್ತೊಬ್ಬರ ಹೃದಯವನ್ನು ಕಸಿ ಮಾಡಿಸಿಕೊಂಡು ದಶಕಗಳ ಕಾಲ ಬದುಕಿದ ಜಾನ್-ಲುಕ್ ನಾನ್ಸಿಯ ಚಿಂತನೆಯನ್ನು ಕುರಿತು, ಸ್ಪರ್ಶವೊಂದನ್ನೇ ವಸ್ತುವಾಗಿಟ್ಟುಕೊಂಡು, ದಾರ್ಶನಿಕ ದೆರಿದಾ 2000ದಲ್ಲಿ ಇಡೀ ಪುಸ್ತಕವನ್ನೇ ಬರೆದನು. ಇಂಗ್ಲಿಷ್ ವಿದ್ವಾಂಸರು ‘ಖಂಡದ ತತ್ತ್ವಶಾಸ್ತ್ರ’ವೆಂದು ಕೊಂಚ ಅಸಡ್ಡೆಯಿಂದಲೇ ಬೇರೆ ಪಂಕ್ತಿಯಲ್ಲಿ ಕೂರಿಸಿದ ಈ ಪರಂಪರೆಯ ಒಂದು ಮುಖ್ಯ ಧಾರೆಯ ಹೆಚ್ಚಳವೆಂದರೆ, ಅನುಭವಕ್ಕೆ ಕಾರಣವನ್ನು ಹುಡುಕಹೊರಡುವ ಮುನ್ನ ಅದು ತೋರುವ ಬಗೆಯನ್ನು ತಾಳ್ಮೆಯಿಂದ ನೋಡುವುದು.

ಇಷ್ಟು ಮಂದಿ ವಿಚಾರವಂತರ ಕೈಗೂ ಎಟುಕದೆ ಉಳಿದದ್ದು, ಮುಟ್ಟಬಹುದಾದುದನ್ನು ಮುಟ್ಟಲೊಲ್ಲೆನೆಂಬ ನಮ್ಮ ಸಂಕಲ್ಪ. ರಾಯಚೂರು ಕಡೆಯ ಬಾಗಲವಾಡ, ದೇವದುರ್ಗ, ಮಾನ್ವಿಗಳ ಸೀಮೆಯಲ್ಲಾಗಲಿ ಕನ್ನಡನಾಡಿನ ಇನ್ನಾವ ಮೂಲೆಯಲ್ಲಾಗಲಿ ಹಿರಿಯರನ್ನು ಕೇಳಿದರೆ ಅಸ್ಪೃಶ್ಯರೆನಿಸಿಕೊಂಡವರಿಗೆ ನೀರು ಹೊಯ್ಯುವ ಹಳೆಯ ಪರಿಯನ್ನು ವರ್ಣಿಸಿಯಾರು. ಕುಡಿಯುವವನು ಬಾಗಿ, ಎರಡು ಅಂಗೈಗಳನ್ನು ಜೋಡಿಸಿ ಬಾಯಿಗೊಡ್ಡಿರುವನು. ಹೊಯ್ಯುವವನು ತಂಬಿಗೆಯನ್ನು ಮೊಳದೆತ್ತರದಲ್ಲಿ ಹಿಡಿದು ಧಾರೆ ಬಿಡುವನು. ಧಾರೆಯನ್ನು ನಿಲ್ಲಿಸುವ ಗಳಿಗೆ ಹೊಯ್ಯುವವನದು. ಕುಡಿಯುವವನಿಗೆ ಸಾಕೆನ್ನುವುದಕ್ಕೂ ಬಾಯಿ ಬಿಡುವಿರದು. ಚಹದಂಗಡಿಯ ಬೇರೆ ಲೋಟ ಈ ಪದ್ಧತಿಯದೇ ಸಂತಾನ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೆಯ ವಿಧಿಯು ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು. ರದ್ದಾದ ವಸ್ತುವಿನ ಸ್ವರೂಪವೇನೆಂಬ ವಿಚಾರ ಮಾತ್ರ ತತ್ತ್ವಶಾಸ್ತ್ರದ ಪಾಲಿಗೆ ಉಳಿಯಿತು.

ಈ ವಿಚಾರವನ್ನು ಕೈಗೆತ್ತಿಕೊಂಡವರಲ್ಲಿ ಪ್ರಮುಖರು, ಭೌತಶಾಸ್ತ್ರದಿಂದ ತತ್ತ್ವಶಾಸ್ತ್ರಕ್ಕೆ ಬಂದು, ಬೆಂಗಳೂರಿನಲ್ಲಿ ಅಧ್ಯಾಪನ ಮಾಡಿ, ಮಣಿಪಾಲದಲ್ಲಿ ತತ್ತ್ವಶಾಸ್ತ್ರ ಮತ್ತು ಮಾನವಿಕಗಳ ಕೇಂದ್ರವನ್ನು ಕಟ್ಟಿದ ಸುಂದರ್ ಸಾರುಕ್ಕೈ ಅವರು. 2009ರಲ್ಲಿ ಪ್ರಕಟವಾದ ಅವರ ಪ್ರಬಂಧವು ರಾಜ್ಯಶಾಸ್ತ್ರಜ್ಞ ಗೋಪಾಲ್ ಗುರು ಅವರೊಡನೆ ಬರೆದ ‘ದಿ ಕ್ರ್ಯಾಕ್ಡ್ ಮಿರರ್’ (2012) ಎಂಬ ಗ್ರಂಥದಲ್ಲಿ ಸೇರಿದೆ. ಅವರ ವಾದದ ತಿರುಳಿಷ್ಟು: ಸ್ಪರ್ಶವು ಉಭಯರ ವ್ಯವಹಾರವಾದುದರಿಂದ, ಮುಟ್ಟಲೊಲ್ಲೆನೆನ್ನುವವನು ತನ್ನ ಚರ್ಮವನ್ನೇ ಮುಚ್ಚಿಕೊಳ್ಳುತ್ತಾನೆ, ಆದಕಾರಣ ಅಸ್ಪೃಶ್ಯತೆಯ ನಿಜವಾದ ನೆಲೆ ದೂರ ನಿಲ್ಲಿಸಲ್ಪಟ್ಟವನಲ್ಲಿಲ್ಲ, ನಿಲ್ಲಿಸಿದವನಲ್ಲಿದೆ. ಕನ್ನಡದ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಡಿಯುಟ್ಟವರನ್ನು ಮಕ್ಕಳು ಕೂಡ ಮುಟ್ಟಬಾರದೆಂಬ ಕಟ್ಟಳೆಯನ್ನು ನೋಡಿದವರಿಗೆ ಮೊದಲ ಅಸ್ಪೃಶ್ಯನಾರೆಂಬುದು ತಿಳಿದೇ ಇರುತ್ತದೆ. ತಾನೇ ಹೊರಬೇಕಾದ ಈ ಗುಣವನ್ನು ಮಡಿವಂತನು ಇನ್ನೊಬ್ಬರ ತಲೆಗೆ ಹೊರಿಸಿ ಹಗುರವಾಗುತ್ತಾನೆಂದು ಹೇಳಲು ಸಾರುಕ್ಕೈ ದೆರಿದಾನ ತರ್ಕವನ್ನೇ ಬಳಸುತ್ತಾರೆ. ಅನಂತಮೂರ್ತಿಯವರ ‘ಸಂಸ್ಕಾರ’ದಲ್ಲಿ (1965) ನಾರಣಪ್ಪನ ಹೆಣವನ್ನು ಮುಟ್ಟಲಾರದೆ ಕಂಗೆಟ್ಟ ಅಗ್ರಹಾರವನ್ನು ಈ ವಾದದ ಬೆಳಕಿನಲ್ಲಿ ಮತ್ತೊಮ್ಮೆ ಓದಬಹುದು.

ಗೋಪಾಲ್ ಗುರು ಅವರ ಆಕ್ಷೇಪ ಇನ್ನೂ ಖಾರವಾದುದು. ನಮ್ಮ ಸಮಾಜಶಾಸ್ತ್ರಗಳಲ್ಲಿ ಅನುಭವವನ್ನು ಒದಗಿಸುವ ಶೂದ್ರರು ಒಂದು ಕಡೆ, ಸಿದ್ಧಾಂತವನ್ನು ಕಟ್ಟುವ ಬ್ರಾಹ್ಮಣರು ಇನ್ನೊಂದು ಕಡೆ ಎಂಬ ವರ್ಣವ್ಯವಸ್ಥೆಯೇ ನೆಲೆಸಿದೆಯೆಂದು ಅವರು 2002ರಷ್ಟು ಹಿಂದೆಯೇ ಬರೆದರು. ಇದಕ್ಕುತ್ತರವಾಗಿ ಸಾರುಕ್ಕೈ, ಕೆಲದಿನ ಕೇರಿಯಲ್ಲಿದ್ದು ಬಂದವನದು ಬಾಳಿದ ಅನುಭವವಲ್ಲ, ಬೇಡವೆನಿಸಿದಾಗ ಎದ್ದುಹೋಗುವ ಸ್ವಾತಂತ್ರ್ಯ ಅವನಿಗಿದ್ದೇ ಇದೆ ಎಂದು ಒಪ್ಪಿಯೂ, ಅನುಭವದ ಒಡೆತನವೂ ಸಿದ್ಧಾಂತದ ಕರ್ತೃತ್ವವೂ ಒಂದೇ ಆಗಬೇಕೇ ಎಂದು ಕೇಳುತ್ತಾರೆ. ಉತ್ತರ ಇತ್ಯರ್ಥವಾಗದೆ ಉಳಿದಿರುವುದೇ ಪುಸ್ತಕದ ಜೀವ. ಸಹಲೇಖಕರು ಹೀಗೆ ಒಂದೇ ರಟ್ಟಿನೊಳಗೆ ವಾದಿಸುವುದು ನಮ್ಮಲ್ಲಿ ವಿರಳ. ‘ಹರಿಕಥಾಮೃತಸಾರ’ದಲ್ಲಿ ಮಾನ್ವಿಯ ಜಗನ್ನಾಥದಾಸರು ದ್ವೈತದ ಸೂಕ್ಷ್ಮಗಳನ್ನು ಕನ್ನಡದ ಷಟ್ಪದಿಗೆ ಇಳಿಸಿದ ನಾಡಿಗೆ ಇಂಥ ವಾದ ಹೊರಲಾರದ ಭಾರವೇನಲ್ಲ.

ನನಗಿರುವ ಸಂಶಯವು ದುಡಿಮೆಗೆ ಸಂಬಂಧಿಸಿದುದು. ರಾಯಚೂರು ಸೀಮೆಯಲ್ಲಿ ನಾಟಿಯ ಹೆಣ್ಣಾಳು ನಟ್ಟ ಭತ್ತ ನೈವೇದ್ಯದ ಅನ್ನವಾಗುತ್ತದೆ, ಆಕೆಯೇ ಬಿಡಿಸಿದ ಹತ್ತಿ ದೇವರ ಮುಂದಿನ ಬತ್ತಿಯಾಗುತ್ತದೆ, ಜನಿವಾರವೂ ಆಗುತ್ತದೆ. ಆ ಬೆರಳುಗಳ ಗುರುತನ್ನು ಯಾವ ಮಡಿಯೂ ಹುಡುಕುವುದಿಲ್ಲ. ಹೊಡೆಯಲು ಕೈಯೆತ್ತಿದವನಿಗೂ ಮೈಲಿಗೆಯ ನೆನಪು ಬಂದುದಿಲ್ಲ. ಇದನ್ನು ನೋಡಿದರೆ ಅಂಜಿಕೆಯಿರುವುದು ಸ್ಪರ್ಶಮಾತ್ರಕ್ಕಲ್ಲ, ಎದುರಿಗಿದ್ದವನು ಸಮಾನನಾಗಿ ಮರಳಿ ಮುಟ್ಟಿಯಾನೆಂಬುದಕ್ಕೆ. ಸಾರುಕ್ಕೈ ಹೇಳುವ ಉಭಯಭಾವವನ್ನು ಇದು ಅಲ್ಲಗಳೆಯದು. ಆದರೆ ಚರ್ಮದ ವಿಚಾರವನ್ನು ಕೂಲಿಯ ವಿಚಾರದಿಂದ ಬೇರ್ಪಡಿಸಿ ನಡೆಸಲಾಗದೆಂದು ತೋರಿಸುತ್ತದೆ. ಇಬ್ಬರೂ ಸೇರಿ 2019ರಲ್ಲಿ ಪ್ರಕಟಿಸಿದ ಎರಡನೆಯ ಗ್ರಂಥವು, ಸಮಾಜವೆಂಬುದನ್ನು ನಾವು ಮೂಗು, ನಾಲಗೆ, ತೊಗಲುಗಳಿಂದಲೇ ಅರಿಯುತ್ತೇವೆಂದು ವಾದಿಸಿ ಈ ಮಾತಿಗೆ ಹತ್ತಿರ ಬರುತ್ತದೆ. ಒಂದು ಕಾಲಕ್ಕೆ ಕೂಲಿಯ ಕಾಸನ್ನು ಮೇಲಿನಿಂದ ಅಂಗೈಗೆ ಉದುರಿಸುತ್ತಿದ್ದರು. ಉದ್ಯೋಗಖಾತ್ರಿಯ ಕೂಲಿ ಈಗ ನೇರವಾಗಿ ಬ್ಯಾಂಕಿನ ಖಾತೆಗೆ ಬೀಳುವುದರಿಂದ ಕೊಡುವ ಕೈಯೇ ಕಾಣುವುದಿಲ್ಲ. ಇದರಿಂದ ಒಂದು ಅವಮಾನ ತಪ್ಪಿತೆಂಬುದು ನಿಜ. ಸ್ಪರ್ಶ ಸಾಧ್ಯವಾಯಿತೇ, ಇಲ್ಲವೆ ಅದರ ಅಗತ್ಯವೇ ಇಲ್ಲವಾಯಿತೇ ಎಂಬುದನ್ನು ಬರೆಯುವವರು ಇನ್ನು ಮುಂದೆ ಬರಬೇಕಾಗಿದೆ.