ಬಂದವರು ಉಳಿಯುವ ಆಸ್ಪತ್ರೆ ಬೇಕು

ಆಂಧ್ರದ ಗಡಿಗೆ ಅಂಟಿಕೊಂಡ ಪರಶುರಾಂಪುರ ಹೋಬಳಿಯಲ್ಲಾಗಲಿ, ಮೊಳಕಾಲ್ಮುರು ಸೀಮೆಯಲ್ಲಾಗಲಿ ಸರ್ಕಾರಿ ಆಸ್ಪತ್ರೆಯ ಮಾತು ಬಂದರೆ ಮೊದಲು ಏಳುವ ಪ್ರಶ್ನೆ, ಎಷ್ಟು ಹುದ್ದೆ ಖಾಲಿ ಎಂಬುದು. ಬಂದವರು ಎಷ್ಟು ವರ್ಷ ಉಳಿದರು ಎಂದೂ ಕೇಳಬೇಕು, ಯಾಕೆಂದರೆ ಜನರ ನಂಬಿಕೆ ಗಳಿಸಲು ಕಾಲ ಬೇಕು. ಬಾಣಂತಿ ಮತ್ತು ಹಸುಗೂಸನ್ನು ಊರಾಚೆಯ ಗುಡಿಸಲಲ್ಲಿ ಇರಿಸುವ ರೂಢಿ ಕೆಲವು ಗೊಲ್ಲರಹಟ್ಟಿಗಳಲ್ಲಿ ಇನ್ನೂ ಇದೆ. ಅಲ್ಲಿಗೆ ಹೋದ ಸಿಸ್ಟರ್ ಕೂಸಿನ ತೂಕ ನೋಡಿ, ತಾಯಿ ಕಾರ್ಡಿನಲ್ಲಿ ಬರೆದುಬಿಟ್ಟರೆ ಕೆಲಸ ಮುಗಿಯದು. ಬಾಣಂತಿಯ ಅತ್ತೆಯನ್ನು, ಹಟ್ಟಿಯ ಹಿರಿಯರನ್ನು ಕೂರಿಸಿಕೊಂಡು ಒಪ್ಪಿಸಬೇಕು. ನಾಲ್ಕಾರು ಹೆರಿಗೆ ಕಂಡ ಸಿಸ್ಟರ್ ಮಾತಿಗೆ ಅಲ್ಲಿ ಬೆಲೆಯಿದೆ. ಆಕೆ ವರ್ಗವಾಗಿ ಹೋದರೆ, ಮರುದಿನವೇ ಹೊಸಬರು ಬಂದರೂ, ಆ ನಂಬಿಕೆಯನ್ನು ಮೊದಲಿನಿಂದ ಕಟ್ಟಬೇಕಾಗುತ್ತದೆ.

ಸಂಬಳ ಕೊಟ್ಟರೂ ಹಳ್ಳಿಯಲ್ಲಿ ನಿಲ್ಲುವುದಿಲ್ಲ, ಎಲ್ಲರಿಗೂ ಪೇಟೆಯ ಆಸೆ ಎಂಬ ದೂರಿದೆ. ಅದು ಅರ್ಧ ಸತ್ಯ. ಕೆಲಸದಲ್ಲಿ ಅತೃಪ್ತಿ ಹುಟ್ಟಿಸುವ ಕಾರಣಗಳೇ ಬೇರೆ, ತೃಪ್ತಿ ಕೊಡುವ ಕಾರಣಗಳೇ ಬೇರೆ ಎಂದು ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ 1959ರಲ್ಲೇ ವಾದಿಸಿದ್ದರು. ತೃಪ್ತಿಯ ಕಡೆ ನೋಡಿದರೆ, ರೋಗಿ ಗುಣವಾದಾಗ ಸಿಗುವ ಸಮಾಧಾನ ದೊಡ್ಡದೇ. ಆದರೆ ನೌಕರಿಗೆ ಭದ್ರತೆ ಇಲ್ಲದ ಕಡೆ ಅದೊಂದರ ಬಲದಿಂದ ಬದುಕು ಸಾಗದು. 2023ರ ಫೆಬ್ರುವರಿಯಲ್ಲಿ ರಾಷ್ಟ್ರೀಯ ಆರೋಗ್ಯ ಅಭಿಯಾನದ ಗುತ್ತಿಗೆ ನೌಕರರು ಮುಷ್ಕರ ಹೂಡಿ ಕೇಳಿದ್ದು ಕಾಯಮಾತಿಯನ್ನು. 2025ರ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನ ಚಳಿಯಲ್ಲಿ ಕುಳಿತ ಮೇಲೆಯೇ ತಿಂಗಳಿಗೆ ಕನಿಷ್ಠ 10,000 ರೂಪಾಯಿಯ ಭರವಸೆ ಸಿಕ್ಕಿತು. ಇದನ್ನು ದುರಾಸೆ ಎನ್ನಲಾಗದು.

ಕಡ್ಡಾಯ ಮಾಡಿದರಾಯಿತು ಎನ್ನುವವರಿದ್ದಾರೆ. ವೈದ್ಯ ಪದವೀಧರರ ಕಡ್ಡಾಯ ಸೇವೆಗೆ ರಾಜ್ಯ 2012ರಲ್ಲೇ ಕಾಯ್ದೆ ತಂದಿದೆ. ಅದರಿಂದ ಒಂದು ವರ್ಷದ ಮಟ್ಟಿಗೆ ಕುರ್ಚಿ ತುಂಬಬಹುದು. ವರ್ಷ ಕಳೆದರೆ ಮತ್ತೆ ಹೊಸ ಮುಖ. ಹಳ್ಳಿಗಳಲ್ಲಿ ಆರೋಗ್ಯ ಸಿಬ್ಬಂದಿಯನ್ನು ಉಳಿಸಿಕೊಳ್ಳಲು ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಕೊಟ್ಟು 2021ರಲ್ಲಿ ಪರಿಷ್ಕರಿಸಿದ ಶಿಫಾರಸುಗಳಲ್ಲಿ ಗ್ರಾಮೀಣ ಹಿನ್ನೆಲೆಯ ವಿದ್ಯಾರ್ಥಿಗಳಿಗೆ ಆದ್ಯತೆ, ವಾಸಯೋಗ್ಯ ಮನೆ, ಸುರಕ್ಷಿತ ಕೆಲಸದ ಜಾಗ, ಬಡ್ತಿಯ ದಾರಿ ಎಲ್ಲವೂ ಸೇರಿವೆ. ಒಂದೇ ಕಡೆ ಬಹಳ ಕಾಲ ಇದ್ದರೆ ಸಿಬ್ಬಂದಿ ಜಡ್ಡುಗಟ್ಟುತ್ತಾರೆ ಎಂಬ ಅಂಜಿಕೆ ಸುಳ್ಳಲ್ಲ. ಅದಕ್ಕೆ ಮದ್ದು ಬಿಗಿಯಾದ ತಪಾಸಣೆ. ವರ್ಗ ಮಾಡಿದರೆ ಸೋಮಾರಿತನ ಇನ್ನೊಂದು ಊರಿಗೆ ಹೋಗುತ್ತದೆ, ಅಷ್ಟೆ. ಖರ್ಚಿನ ಮಾತು ಎತ್ತುವವರು, ಹೊಸಬರಿಗೆ ಪದೇ ಪದೇ ತರಬೇತಿ ಕೊಡುವ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಲಿ. ಗಡಿಯ ಹೋಬಳಿಗೆ ಬರುವವರಿಗೆ ಸರ್ಕಾರ ಬೀಗ ಭದ್ರವಿರುವ, ನೀರು ಬರುವ ಕ್ವಾರ್ಟರ್ಸ್ ಕೊಡಲಿ. ಇಷ್ಟು ವರ್ಷ ದುಡಿದರೆ ಬಯಸಿದ ಊರು ಖಚಿತ ಎಂದು ಆದೇಶದಲ್ಲೇ ಬರೆದುಕೊಡಲಿ. ಕನ್ನಡ, ತೆಲುಗು ಎರಡೂ ಬಲ್ಲ ಇಲ್ಲಿನ ಹೆಣ್ಣುಮಕ್ಕಳಿಗೆ ನರ್ಸಿಂಗ್ ಓದಲು ನೆರವು ಸಿಗಲಿ. ತಾಲ್ಲೂಕು ಪಂಚಾಯಿತಿಯ ಪ್ರಗತಿ ಪರಿಶೀಲನೆಯಲ್ಲಿ ಖಾಲಿ ಹುದ್ದೆಗಳ ಪಟ್ಟಿಯ ಜೊತೆಗೆ, ಪ್ರತಿ ಉಪಕೇಂದ್ರದ ಸಿಬ್ಬಂದಿ ಎಷ್ಟು ಕಾಲ ನಿಂತರು, ಹೋದವರು ಯಾಕೆ ಹೋದರು ಎಂಬ ಲೆಕ್ಕವನ್ನೂ ಮಂಡಿಸುವುದು ಕಡ್ಡಾಯವಾಗಲಿ.