ಖಾಲಿ ಕುರ್ಚಿಯ ಹಾಡು

ಮೇ ತಿಂಗಳ ಕೊನೆಯ ಸೋಮವಾರವೆಂದರೆ ನಮ್ಮಲ್ಲಿ ಬಹುಮಂದಿಗೆ ಪಿಕ್ನಿಕ್ಕಿನ ದಿನ. ಶಿಕಾಗೋ ಕಡೆಯವರು ಮಿಶಿಗನ್ ಸರೋವರದ ದಂಡೆಗೆ, ಡೆಟ್ರಾಯಿಟ್ ಕಡೆಯವರು ಬೆಲ್ ಐಲ್ ದ್ವೀಪಕ್ಕೆ ಚಿತ್ರಾನ್ನ, ಮೊಸರನ್ನದ ಡಬ್ಬಿಗಳೊಡನೆ ಹೊರಡುತ್ತೇವೆ. ಆದರೆ ಅದು ಮೆಮೋರಿಯಲ್ ಡೇ, ಈ ದೇಶದವರು ಯುದ್ಧದಲ್ಲಿ ಮಡಿದ ತಮ್ಮವರನ್ನು ನೆನೆಯುವ ದಿನ. ಅಂದು ಗೋರಿಗಳ ಬಳಿ ಬಾವುಟ ನೆಟ್ಟು, ಕಹಳೆಯಲ್ಲಿ 'ಟ್ಯಾಪ್ಸ್' ಎಂಬ 24 ಸ್ವರಗಳ ಧಾಟಿಯನ್ನು ನುಡಿಸುತ್ತಾರೆ. ಮಡಿದ ತರುಣರನ್ನು ನೆನೆಯುವ ಹಾಡುಗಳೂ ಇಲ್ಲಿ ಹಲವಿವೆ. ಅವುಗಳಲ್ಲಿ ಎರಡಕ್ಕೆ ನಮ್ಮ ಈ ಎರಡು ಊರುಗಳೇ ತವರು ಎಂಬುದು ನಮ್ಮಲ್ಲಿ ಎಷ್ಟು ಮಂದಿಗೆ ತಿಳಿದಿದೆ?

ಮೊದಲನೆಯದು ಶಿಕಾಗೋದ್ದು. ಅಮೆರಿಕದ ಅಂತರ್ಯುದ್ಧದಲ್ಲಿ, 1861ರ ಅಕ್ಟೋಬರ್ 21ರಂದು, ವರ್ಜೀನಿಯದ ಬಾಲ್ಸ್ ಬ್ಲಫ್ ಎಂಬಲ್ಲಿ ಜಾನ್ ವಿಲಿಯಂ ಗ್ರೌಟ್ ಎಂಬ ಕಿರಿಯ ಅಧಿಕಾರಿ ಮಡಿದ. ಊರು ಮ್ಯಾಸಚೂಸೆಟ್ಸಿನ ವೂಸ್ಟರ್, ವಯಸ್ಸು 18. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟಕ್ಕೆ ಮನೆಮಂದಿ ಸೇರಿದಾಗ ಅವನೊಬ್ಬನ ಜಾಗ ಬರಿದಾಗಿರುವುದನ್ನೇ ಹೆನ್ರಿ ವಾಶ್‌ಬರ್ನ್ ಪದ್ಯವಾಗಿ ಬರೆದರು. ಶಿಕಾಗೋದಲ್ಲಿ 'ರೂಟ್ ಅಂಡ್ ಕೇಡಿ' ಎಂಬ ಸಂಗೀತ ಪ್ರಕಾಶನ ಸಂಸ್ಥೆಯಲ್ಲಿದ್ದ ಜಾರ್ಜ್ ರೂಟ್ ಅದಕ್ಕೆ ಧಾಟಿ ಕಟ್ಟಿದರು. 'ದಿ ವೇಕೆಂಟ್ ಚೇರ್', ಎಂದರೆ ಖಾಲಿ ಕುರ್ಚಿ, ಎಂದು ಅದರ ಹೆಸರು. ದಂಡಿಗೆ ಹುರುಪು ತುಂಬುವ 'ದಿ ಬ್ಯಾಟಲ್ ಕ್ರೈ ಆಫ್ ಫ್ರೀಡಂ' ಹಾಡನ್ನು 1862ರಲ್ಲಿ ಕಟ್ಟಿದವರೂ ಇದೇ ರೂಟ್. ಆದರೆ ಖಾಲಿ ಕುರ್ಚಿಯಲ್ಲಿ ಜಯಘೋಷವಿಲ್ಲ. ಅದನ್ನು ಉತ್ತರದವರೂ ಹಾಡಿದರು, ಅವರ ಶತ್ರುಗಳಾದ ದಕ್ಷಿಣದವರೂ ಹಾಡಿದರು. ಬಾವುಟ ಬೇರೆಯಾದರೂ ಮನೆಯಲ್ಲಿ ಬರಿದಾದ ಜಾಗ ಒಂದೇ ಬಗೆಯದಲ್ಲವೇ? 1871ರ ಮಹಾ ಬೆಂಕಿ ಆ ಸಂಸ್ಥೆಯನ್ನು ನುಂಗಿತು, ಹಾಡು ಉಳಿಯಿತು.

ಎರಡನೆಯದು ಡೆಟ್ರಾಯಿಟ್ಟಿನದು. ವಿಯೆಟ್ನಾಂ ಯುದ್ಧ ನಡೆಯುತ್ತಿದ್ದ 1970ರಲ್ಲಿ ಇಲ್ಲಿನ ಮೋಟೌನ್ ಕಂಪೆನಿಯು ಮಾರ್ಥಾ ರೀವ್ಸ್ ಮತ್ತು ಸಂಗಡಿಗರ 'ಐ ಶುಡ್ ಬಿ ಪ್ರೌಡ್' ಹಾಡನ್ನು ಹೊರತಂದಿತು. ತನ್ನವನು ಮಡಿದ ಸುದ್ದಿ ಕೇಳಿದ ಹೆಣ್ಣೊಬ್ಬಳು ಅದರಲ್ಲಿ ಮಾತನಾಡುತ್ತಾಳೆ. ಹೆಮ್ಮೆಪಡು ಎನ್ನುತ್ತಾರೆ ಸುತ್ತಲಿನವರು. ಅವಳಿಗೆ ಬೇಕಾದುದು ಅವನು ಮಾತ್ರ. ಆ ಯುದ್ಧದಲ್ಲಿ ಮಡಿದ ಅಮೆರಿಕನ್ನರು 58,000ಕ್ಕೂ ಹೆಚ್ಚು. ಈ ಅಂಕಿಯನ್ನು ಓದಿ ಪುಟ ತಿರುವಿಬಿಡಬಹುದು. ಒಬ್ಬಳ ಗೋಳನ್ನು ಹಾಗೆ ತಿರುವಿಹಾಕುವುದು ಕಷ್ಟ.

ನಮ್ಮ ನಾಡಿನಲ್ಲಿ ಈ ಕೆಲಸವನ್ನು ಮೊದಲು ಕಲ್ಲು ಮಾಡಿತು. ವೀರಗಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಸ್ವರ್ಗ. ಆದರೆ ಕಲ್ಲು ಊರ ಹೊರಗೆ ನಿಂತಿರುತ್ತದೆ; ಹಾಡು ಮನೆಯೊಳಕ್ಕೆ ಬರುತ್ತದೆ. 1857ರಲ್ಲಿ ಬ್ರಿಟಿಷರು ಆಯುಧಗಳನ್ನು ಒಪ್ಪಿಸಬೇಕೆಂದಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ಒಪ್ಪಲಿಲ್ಲ. ಅವರು ಸಂಬಳದ ಸಿಪಾಯಿಗಳಲ್ಲ. ಆದರೂ ದಂಡಿಗೆ ಎದುರು ನಿಂತು ಕಾದಿದರು. ಹಲವರು ಮಡಿದರು, ಸಿಕ್ಕವರಲ್ಲಿ ಹಲವರನ್ನು ಗಲ್ಲಿಗೇರಿಸಲಾಯಿತು. ಹನುಮ, ಬಾಲ, ಜಡಗ, ರಾಮ ಎಂಬ ಹೆಸರುಗಳನ್ನು ನಮಗೆ ಉಳಿಸಿಕೊಟ್ಟದ್ದು ಲಾವಣಿ. ಅದನ್ನು ಕೇಳಿ ಬರೆಸಿ ಅಚ್ಚು ಹಾಕಿಸಿದವರು ಅದೇ ಬ್ರಿಟಿಷ್ ಸರ್ಕಾರದ ಅಧಿಕಾರಿ ಜಾನ್ ಫ್ಲೀಟ್!

ಇದು ನಮಗೆ ದೂರದ ಮಾತಲ್ಲ. ಇಲ್ಲಿ ಹುಟ್ಟಿ ಬೆಳೆದ ನಮ್ಮ ಗಂಡುಮಕ್ಕಳ ಹೆಸರೂ 18 ತುಂಬಿದಾಗ ಈ ಸರ್ಕಾರದ ಸೈನ್ಯಸೇವೆಯ ನೋಂದಣಿ ಪಟ್ಟಿಗೆ ಸೇರುತ್ತದೆ. ಯುದ್ಧದ ಬೆಲೆ ಏನೆಂದು ಅವರಿಗೆ ಪಾಠಪುಸ್ತಕಕ್ಕಿಂತ ಹಾಡು ಚೆನ್ನಾಗಿ ತಿಳಿಸೀತು. ಅದು ಇಂಗ್ಲಿಷಿನಲ್ಲೂ ಇರಲಿ, ಕನ್ನಡದಲ್ಲೂ ಇರಲಿ.

ಆದ್ದರಿಂದ ವಾಚಕರಲ್ಲಿ ನಮ್ಮದೊಂದು ಬಿನ್ನಹ. ಬೇಸಿಗೆಯಲ್ಲಿ ಊರಿನಿಂದ ಬರುವ ಹಿರಿಯರಲ್ಲಿ ಲಾವಣಿಯನ್ನೋ ಗೀಗೀ ಪದವನ್ನೋ ಸೋಬಾನೆಯ ನಡುವೆ ಬರುವ ವೀರನ ಕಥೆಯನ್ನೋ ಬಲ್ಲವರು ಇರುತ್ತಾರೆ. ಕೂರಿಸಿ ಕೇಳಿ, ಧ್ವನಿ ಮುದ್ರಿಸಿಕೊಳ್ಳಿ, ಹೇಳಿದವರ ಊರಿನ ಹೆಸರು ಸಹಿತ ಬರೆದು ನಮಗೆ ಕಳುಹಿಸಿ. ಎಷ್ಟೇ ತುಂಡಾಗಿದ್ದರೂ ಸರಿ, ಸಂತೋಷದಿಂದ ಪ್ರಕಟಿಸುತ್ತೇವೆ. ಹಾಡುವವರು ಇರುವ ತನಕ ಹೆಸರೂ ಇರುತ್ತದೆ.