ನಡುಬೀದಿಯಲ್ಲಿ ಹುಟ್ಟುವ ಗುಟ್ಟು

1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಕಳ್ಳಗಿವಿ ಇಟ್ಟಿದ್ದರು. ಹಾದುಹೋಗುವ ಪಾಸ್‌ವರ್ಡುಗಳನ್ನು ಹೆಕ್ಕಿಕೊಳ್ಳುವ ಪ್ರೋಗ್ರಾಂ ಅದು. ಹೆಕ್ಕುವುದು ಕಷ್ಟವೇನೂ ಆಗಿರಲಿಲ್ಲ. ದೂರದ ಸರ್ವರಿನಿಂದ ಕಡತ ತರಲು ಬಳಸುತ್ತಿದ್ದ ಎಫ್‌ಟಿಪಿ, ಪಾಸ್‌ವರ್ಡನ್ನು ಇದ್ದ ಹಾಗೇ ತಂತಿಗೆ ಬಿಡುತ್ತಿತ್ತು. ಐಐಟಿ ಕಾನ್ಪುರದಲ್ಲಿ ಓದಿದ ಅಭಯ್ ಭೂಷಣ್ 1971ರಲ್ಲಿ ಅದರ ಮೊದಲ ರೂಪ ಬರೆದಾಗ ಜಾಲದಲ್ಲಿ ಇದ್ದದ್ದೇ ಕೆಲವು ಕಂಪ್ಯೂಟರುಗಳು. ಮನೆಯವರ ನಡುವೆ ಬೀಗವೇಕೆ?

ಅದೇ ವಿಶ್ವವಿದ್ಯಾಲಯದ ಟಾಟು ಯೂಲೊನೆನ್ ಆ ವರ್ಷವೇ, ಎರಡು ಕಂಪ್ಯೂಟರುಗಳ ಮಾತನ್ನು ಗುಟ್ಟಾಗಿ ಸಾಗಿಸುವ ಎಸ್‌ಎಸ್‌ಎಚ್ ಎಂಬ ಪ್ರೋಗ್ರಾಂ ಬರೆದು ಉಚಿತವಾಗಿ ಹಂಚಿದರು. ಇವತ್ತು ಎಫ್‌ಟಿಪಿಯ ಬದಲು ಬಳಸುವ ಎಸ್‌ಎಫ್‌ಟಿಪಿಯಲ್ಲಿ ಹೋಗುವ ಕಡತಗಳು ಸಾಗುವುದು ಅದರ ಸುರಂಗದಲ್ಲೇ.

ಆ ಸುರಂಗಕ್ಕೆ ಬೀಗ ಹಾಕಲು ಎರಡೂ ಕಡೆ ಒಂದೇ ಗುಟ್ಟು ಬೇಕು. ಆದರೆ ಕದ್ದು ಕೇಳುವವರ ಎದುರಲ್ಲೇ ಮಾತಾಡಿ, ಎರಡು ಯಂತ್ರಗಳು ಗುಟ್ಟಿನ ಸಂಖ್ಯೆಯೊಂದನ್ನು ಹುಟ್ಟಿಸಿಕೊಳ್ಳುವುದು ಹೇಗೆ? 1976ರಲ್ಲಿ ಡಿಫಿ ಮತ್ತು ಹೆಲ್ಮನ್ ಎಂಬ ಇಬ್ಬರು ಸಂಶೋಧಕರು ದಾರಿ ತೋರಿಸಿದರು. ಕಾಗದ, ಪೆನ್ನು ತನ್ನಿ. 5 ಮತ್ತು 23 ಊರಿಗೆಲ್ಲ ಗೊತ್ತಿರಲಿ. ನನ್ನ ಮನಸ್ಸಿನಲ್ಲಿ 3 ಇದೆ. ಮೂರು 5ಗಳನ್ನು ಗುಣಿಸಿ, ಬಂದ 125ನ್ನು 23ರಿಂದ ಭಾಗಿಸಿದರೆ ಶೇಷ 10. ಅದನ್ನು ಕೂಗಿ ಹೇಳುತ್ತೇನೆ. ನಿಮ್ಮ ಮನಸ್ಸಿನಲ್ಲಿ 7. ಏಳು 5ಗಳ ಗುಣಲಬ್ಧ 78,125, ಶೇಷ 17. ನೀವೂ ಕೂಗಿ. ಈಗ ನಾನು ಮೂರು 17ಗಳನ್ನು ಗುಣಿಸಿದರೆ 4,913, ಶೇಷ 14. ನೀವು ಏಳು 10ಗಳನ್ನು ಗುಣಿಸಿದರೆ ಒಂದು ಕೋಟಿ, ಶೇಷ ಅದೇ 14. ಇಬ್ಬರೂ 14 ಎಂದು ಬಾಯಿಬಿಡಲಿಲ್ಲ! 23ರ ಜಾಗದಲ್ಲಿ ಆರುನೂರು ಅಂಕಿಗಳ ಸಂಖ್ಯೆ, ನಮ್ಮ 3 ಮತ್ತು 7ರ ಜಾಗದಲ್ಲೂ ಭಾರಿ ಸಂಖ್ಯೆಗಳನ್ನು ಇಟ್ಟರೆ, ಕದ್ದು ಕೇಳಿದವನಿಗೆ ಈ ಲೆಕ್ಕ ಹಿಂದಕ್ಕೆ ಬಿಡಿಸಲಾಗದು. ಆಮೇಲಿನ ಮಾತೆಲ್ಲ, ಪಾಸ್‌ವರ್ಡೂ ಸೇರಿ, ಈ ಗುಟ್ಟಿನಿಂದ ಮಾಡಿದ ಬೀಗದೊಳಗೆ.

ಆದರೆ ಎದುರಿಗೆ ಕೂಗುತ್ತಿರುವವರು ಯಾರೆಂದು ಗಣಿತ ಹೇಳುವುದಿಲ್ಲ. ನಡುವೆ ಕೂತ ಕಳ್ಳ ನಿಮ್ಮ ಜೊತೆ ಒಂದು ಗುಟ್ಟು, ಸರ್ವರಿನ ಜೊತೆ ಇನ್ನೊಂದು ಗುಟ್ಟು ಮಾಡಿಕೊಳ್ಳಬಹುದು. ಅದಕ್ಕೇ ಮೊದಲ ಸಲ ಸಂಪರ್ಕಿಸಿದಾಗ ಎಸ್‌ಎಸ್‌ಎಚ್, ಸರ್ವರಿನ ಬೆರಳಚ್ಚನ್ನು, ಅಂದರೆ ಅಕ್ಷರ ಅಂಕಿಗಳ ಉದ್ದ ಸಾಲೊಂದನ್ನು ತೋರಿಸಿ, ಇವರೇ ತಾನೇ ಎಂದು ಕೇಳುತ್ತದೆ. ನಾವು ಓದದೆಯೇ ಹೂಂ ಅಂದುಬಿಡುತ್ತೇವೆ. ಸರ್ವರ್ ನೋಡಿಕೊಳ್ಳುವವರಿಗೆ ಫೋನ್ ಮಾಡಿ ಆ ಸಾಲನ್ನು ಒಮ್ಮೆ ತಾಳೆ ನೋಡಿ. ಆಮೇಲೆ ನಿಮ್ಮ ಕಂಪ್ಯೂಟರೇ ಅದನ್ನು ನೆನಪಿಟ್ಟು, ಬೆರಳಚ್ಚು ಬದಲಾದ ದಿನ ತಡೆದು ನಿಲ್ಲಿಸುತ್ತದೆ.